ಅತ್ತಿಗೆ ತೆಗೆದ ಸೂರ್ಯ

ಗ್ರಹಣಕ್ಕೆ ಇನ್ನು ಕೆಲವೇ ದಿನ ಎನ್ನುವಾಗ ಅಣ್ಣ ಬಿದ್ದ. ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿಯನ್ನು ಹೆಗಲ ಮೇಲೆ ಹೊತ್ತು ಮನೆಯ ಮೆಟ್ಟಿಲು ಇಳಿಯುತ್ತಿದ್ದವನ ಕಾಲು ಜಾರಿತು. ಬೀಳುವಾಗಲೂ ಅವನು ಅದನ್ನು ಬಿಡಲಿಲ್ಲ. ಹಸುಗೂಸಿನಂತೆ ಎದೆಗವಚಿಕೊಂಡೇ ಕೊನೆಯ ಮೆಟ್ಟಿಲವರೆಗೆ ಉರುಳಿದ. ನಾವು ಓಡಿ ಬಂದಾಗ ಅವನು ಕೇಳಿದ ಮೊದಲ ಮಾತು, "ಅದಕ್ಕೇನೂ ಆಗಿಲ್ಲ ತಾನೇ?"

ಅತ್ತಿಗೆ ಮುಕ್ಕಾಲಿಯನ್ನೊಮ್ಮೆ ನೋಡಿದರು, ಅಣ್ಣನ ತೊಡೆಯನ್ನೊಮ್ಮೆ ನೋಡಿದರು.

"ಮೂರು ಕಾಲಿಂದು ನೆಟ್ಟಗಿದೆ. ಎರಡು ಕಾಲಿಂದೇ ಯೋಚನೆ" ಎಂದರು.

ಅತ್ತಿಗೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ಮದುವೆಯಾಗಿ ನಮ್ಮ ಮನೆಗೆ ಬರುವ ಮೊದಲಿನಿಂದಲೂ ಅದೇ ಕೆಲಸ. ಅಣ್ಣನದು ಕನ್ನಡಕದ ಅಂಗಡಿ. ಗಂಡ ಹೊರಗಿನದನ್ನು ಕಾಣಿಸುತ್ತಾನೆ, ಹೆಂಡತಿ ಒಳಗಿನದನ್ನು ಕಾಣುತ್ತಾಳೆ, ಇವರ ಮುಂದೆ ಏನನ್ನೂ ಬಚ್ಚಿಡುವ ಹಾಗಿಲ್ಲ ಎಂದು ಬೀದಿಯವರು ನಗುತ್ತಿದ್ದರು. ನಾನು ಅಣ್ಣನ ತಂಗಿ, ಅದೇ ಮನೆಯಲ್ಲಿ ಅವರ ಜೊತೆ ಇರುವವಳು. ಅವರಿಬ್ಬರ ಮಾತು ಕೇಳುವುದೇ ನನ್ನ ಮುಕ್ಕಾಲು ಕೆಲಸ.

ಅಂದು ಅಣ್ಣನ ಎಕ್ಸ್‌ರೇಯನ್ನೂ ಅತ್ತಿಗೆಯೇ ತೆಗೆದರು. ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆ. ಊರಿಗೆಲ್ಲ ಹೇಳುವ ಮಾತನ್ನೇ, ಅದೇ ದನಿಯಲ್ಲಿ, ಅವನಿಗೂ ಹೇಳಿದರು: "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ." ಆಮೇಲೆ ಚಪ್ಪಲಿಯ ಸದ್ದು ಗೋಡೆಯ ಹಿಂದಕ್ಕೆ ಹೋಯಿತು. ಯಂತ್ರ ಒಮ್ಮೆ ಗುಂಯ್ ಎಂದಿತು. "ಬಿಡಿ."

"ತೊಡೆಗೂ ಉಸಿರಿಗೂ ಏನೇ ಸಂಬಂಧ?" ಅಣ್ಣ ನರಳುತ್ತ ಕೇಳಿದ.

"ಉಸಿರು ಹಿಡಿದೋರು ಮಾತಾಡಲ್ಲ. ಅದಕ್ಕೆ."

"ಮುರಿದಿದೆಯಾ?"

"ಡಾಕ್ಟರ್ ಹೇಳ್ತಾರೆ."

"ಲೇ, ನಾನು ನಿನ್ನ ಗಂಡ ಕಣೇ."

"ಗಂಡಂಗೂ ಡಾಕ್ಟರೇ ಹೇಳೋದು."

ಡಾಕ್ಟರು ಹೇಳಿದರು. ತೊಡೆಯ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು; ಆದರೆ ಮೈಯಲ್ಲಿ ಸಕ್ಕರೆ ಏರಿ ಕೂತಿದೆ, ಅದು ಇಳಿಯುವವರೆಗೆ ಚಾಕು ಹಾಕುವಂತಿಲ್ಲ. ಅಲ್ಲಿಯವರೆಗೆ ಕಾಲಿಗೆ ಹಗ್ಗ ಬಿಗಿದು, ಮಂಚದ ತುದಿಯ ರಾಟೆಯ ಮೇಲಿನಿಂದ ತೂಕ ಇಳಿಬಿಟ್ಟರು. ಮಂಚವನ್ನು ಅಲುಗಿಸಕೂಡದು, ಹೊರಳಕೂಡದು, ಕೂರಬೇಕಾದರೂ ನರ್ಸನ್ನು ಕೇಳಬೇಕು.

ಅಣ್ಣನಿಗೆ ಕಾಲಿನ ಚಿಂತೆ ಇರಲಿಲ್ಲ, ಕಿಟಕಿಯದಿತ್ತು. ವಾರ್ಡು ಮೇಲಿನ ಮಹಡಿಯಲ್ಲಿದ್ದರೂ ಅದರ ಕಿಟಕಿಗಳೆಲ್ಲ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದ್ದವು. ಅಲ್ಲಿಂದ ಕಾಣುತ್ತಿದ್ದುದು ಒಂದು ನೀರಿನ ಕೊಳವೆ, ಅದರ ಮೇಲೆ ಕೂತ ಪಾರಿವಾಳ, ಇಷ್ಟೇ.

ಹಗಲಿನಲ್ಲೇ ಸೂರ್ಯ ಪೂರ್ತಿ ಮುಚ್ಚಿಹೋಗುವ ಗ್ರಹಣ ಒಬ್ಬ ಮನುಷ್ಯನ ಬಾಗಿಲಿಗೆ ಎರಡು ಸಲ ಬರುವುದೇ ಅಪರೂಪ. ಅಣ್ಣನಿಗೆ ಬಂದಿತ್ತು. ನಾವು ಚಿಕ್ಕವರಿದ್ದಾಗ, ಬೇರೆ ಊರಿನಲ್ಲಿ, ಒಂದು ಬಂದಿತ್ತು. ಆಗ ಅವನಿಗೆ ದಡಾರ. ಅಮ್ಮ ಕಿಟಕಿಗೆ ಕಂಬಳಿ ಕಟ್ಟಿ ಮಲಗಿಸಿದ್ದಳು. ಬೀದಿಯ ಮಂದಿಯೆಲ್ಲ ಒಟ್ಟಿಗೆ 'ಹೋ' ಎಂದದ್ದನ್ನು ಅವನು ಕಂಬಳಿಯ ಈಚೆಯಿಂದ ಕೇಳಿದ್ದ. ಅಂದಿನಿಂದ ಈ ಗ್ರಹಣಕ್ಕಾಗಿಯೇ ಕಾದಿದ್ದ. ದುಡ್ಡು ಕೂಡಿಹಾಕಿ ಉದ್ದನೆಯ ಲೆನ್ಸು ಕೊಂಡಿದ್ದ. ಕ್ಯಾಮೆರಾದ ಮುಂದೆ ತೊಡಿಸುವ ಕಪ್ಪು ಮುಚ್ಚಳವನ್ನು ತಾನೇ ಮಾಡಿದ್ದ. ಬೀದಿಯವರಿಗೆಲ್ಲ ಗ್ರಹಣದ ಕನ್ನಡಕ ಮಾಡಿ ಹಂಚಿದ್ದ. ಈಗ ರಾಟೆಗೆ ಕಟ್ಟಿದ ಕಾಲು ನೋಡುತ್ತ ಮಲಗಿದ್ದ.

"ಬಿಡಿ ಸ್ವಾಮಿ, ಟೀವಿಲಿ ತೋರಿಸ್ತಾರಲ್ಲ" ಎಂದ ಎದುರು ಮಂಚದ ಲಾರಿ ಡ್ರೈವರ್. ಅವನ ಎರಡು ಕಾಲಿಗೂ ಪ್ಲಾಸ್ಟರು, ಬಾಯಿಗೆ ಮಾತ್ರ ಯಾವ ಕಟ್ಟೂ ಇರಲಿಲ್ಲ.

"ಊಟಾನೂ ಟೀವಿಲಿ ತೋರಿಸ್ತಾರೆ. ಹೊಟ್ಟೆ ತುಂಬತ್ತಾ?" ಎಂದು ಅಣ್ಣ ಮುಖ ತಿರುಗಿಸಿದ. ನಮ್ಮ ಕಡೆಗೂ ತಿರುಗಲಿಲ್ಲ. ಪಾರಿವಾಳದ ಕಡೆಗೆ ನೋಡುತ್ತ, ಯಾರಿಗೂ ಅಲ್ಲವೆಂಬಂತೆ, "ಎರಡು ಸಲಾನೂ ಹಾಸಿಗೇಲೇ" ಎಂದ.

ಅತ್ತಿಗೆ ಅವನ ಹೊದಿಕೆ ಸರಿಮಾಡುತ್ತಿದ್ದರು. ಕೈ ನಿಂತಿತು.

"ನಾನು ತೆಗೀತೀನಿ" ಎಂದರು.

"ಏನನ್ನ?"

"ಸೂರ್ಯನ್ನ. ನೀವು ಹೇಳ್ಕೊಡಿ, ನಾನು ತೆಗ್ದು ತಂದು ನಿಮ್ಮ ಕೈಲಿ ಇಡ್ತೀನಿ."

ಅತ್ತಿಗೆ ಅಲ್ಲಿಯವರೆಗೆ ಅಣ್ಣನ ಕ್ಯಾಮೆರಾದ ಧೂಳನ್ನೂ ಮುಟ್ಟಿದವರಲ್ಲ. ಅವನ ಆಟಿಕೆ, ಅವನೇ ಒರೆಸಿಕೊಳ್ಳಲಿ ಎಂದಿದ್ದವರು. ಅಂಥವರು ಮರುದಿನದಿಂದ ಪಾಳಿ ಮುಗಿದೊಡನೆ ಕ್ಯಾಮೆರಾದ ಚೀಲ ಹಿಡಿದು ವಾರ್ಡಿಗೆ ಬಂದು, ಸ್ಟೂಲು ಎಳೆದುಕೊಂಡು, ಹೊಸದಾಗಿ ಬಳಪ ಹಿಡಿದ ಹುಡುಗಿಯಂತೆ ಕೂರತೊಡಗಿದರು.

ಪಾಠ ಸುಲಭದ್ದಾಗಿರಲಿಲ್ಲ. ಸೂರ್ಯ ಚೂರೇ ಚೂರು ಕಾಣುತ್ತಿದ್ದರೂ ಲೆನ್ಸಿನ ಮೇಲೆ ಮುಚ್ಚಳ ಇರಬೇಕು, ಇಲ್ಲದಿದ್ದರೆ ಕ್ಯಾಮೆರಾ ಸುಡುತ್ತದೆ, ಕಣ್ಣೂ ಸುಡುತ್ತದೆ. ಪೂರ್ತಿ ಮುಚ್ಚಿದ ಗಳಿಗೆಯಲ್ಲಿ ಮುಚ್ಚಳ ತೆಗೆಯಬೇಕು, ಇಲ್ಲದಿದ್ದರೆ ಏನೂ ಮೂಡುವುದಿಲ್ಲ. ಆಗ ಬರಿಗಣ್ಣಿನಲ್ಲೂ ನೋಡಬಹುದು. ಆ ಹೊತ್ತೆಲ್ಲ ಸೇರಿ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟೂ ಇರುವುದಿಲ್ಲ. ಕ್ಯಾಮೆರಾಕ್ಕೆ ಕೈ ತಾಗಿದರೆ ಅಲ್ಲಾಡುತ್ತದೆಂದು ಅಣ್ಣ ಅದಕ್ಕೊಂದು ಉದ್ದನೆಯ ವೈರು ಜೋಡಿಸಿ ತುದಿಗೆ ಗುಂಡಿ ಇಟ್ಟಿದ್ದ. ಗುಂಡಿ ಒಮ್ಮೆ ಒತ್ತಿದರೆ ಕ್ಯಾಮೆರಾ ತಾನೇ ಒಂದರ ಹಿಂದೊಂದು ಪಟ ತೆಗೆಯುತ್ತದೆ, ಮೊದಲನೆಯದು ಕಣ್ಣು ಮಿಟುಕಿಸುವಷ್ಟು ಬೇಗ, ಕೊನೆಯದು ನಿಧಾನ. ಹತ್ತಿರದ ಬೆಳಕು ಬೇಗದ್ದರಲ್ಲಿ ಸಿಗುತ್ತದೆ, ದೂರ ಚಾಚಿದ ತೆಳು ಬೆಳಕು ನಿಧಾನದ್ದರಲ್ಲಿ ಸಿಗುತ್ತದೆ.

"ನನಗೆ ಮೂಳೆ ಕೊಡಿ, ಕಣ್ಣು ಮುಚ್ಕೊಂಡು ತೆಗೀತೀನಿ" ಎಂದರು ಅತ್ತಿಗೆ ಒಂದು ಸಂಜೆ, ದಣಿದು. "ಸೂರ್ಯನಿಗೆಲ್ಲಿ ಮೂಳೆ?"

"ಇದೆ ಕಣೇ. ದಿನಾ ಕಾಣಲ್ಲ ಅಷ್ಟೇ. ಅವನ ಉರಿಯೇ ಅಡ್ಡ ಬರತ್ತೆ. ಚಂದ್ರ ಬಂದು ಆ ಉರೀನ ಮುಚ್ಚಿದಾಗ ಸುತ್ತ ಒಂದು ಬೆಳಕು ಉಳ್ಕೊಳತ್ತಲ್ಲ, ಅದು ಯಾವಾಗ್ಲೂ ಇದ್ದದ್ದೇ. ನೀನು ಮಾಂಸ ದಾಟಿ ಮೂಳೆ ನೋಡ್ತೀಯಲ್ಲ, ಹಾಗೇ ಇದೂ."

ಅತ್ತಿಗೆ ಕ್ಯಾಮೆರಾವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

"ಹಾಗಂತ ಮೊದಲೇ ಹೇಳಬಾರದಿತ್ತಾ" ಎಂದರು. ಅಲ್ಲಿಂದ ಮುಂದೆ ಅವರ ಬೆರಳು ತಡವರಿಸಿದ್ದನ್ನು ನಾನು ಕಾಣಲಿಲ್ಲ.

ಜಾಗ ಆಸ್ಪತ್ರೆಯ ತಾರಸಿಯೇ ಎಂದಾಯಿತು. ಗ್ರಹಣ ಹಿಡಿಯುವ ಹೊತ್ತಿಗೆ ಸೂರ್ಯ ಪಡುವಣಕ್ಕೆ ವಾಲಿರುತ್ತಾನೆ. ತಾರಸಿಯ ಮುಕ್ಕಾಲು ಪಾಲು ನೀರಿನ ಟ್ಯಾಂಕಿನ ನೆರಳಿನಲ್ಲಿರುತ್ತದೆ. ಒಂದು ಮೂಲೆಯಲ್ಲಿ ಮಾತ್ರ, ಲಿಫ್ಟಿನ ಯಂತ್ರವಿಡುವ ಕೋಣೆಯ ಪಕ್ಕದಲ್ಲಿ, ಕೊಳವೆಗಳ ಮೇಲೆ ಕಬ್ಬಿಣದ ಹಲಗೆ ಹಾಸಿ ಎತ್ತರಿಸಿದ ಜಗಲಿಯಂಥ ಜಾಗವಿತ್ತು. ಅಲ್ಲಿ ನಿಂತರೆ ಆಕಾಶ ಬರಿದು. ಮುರಿದ ಕೈಕಾಲಿಗೆ ಪ್ಲಾಸ್ಟರು ಹಾಕುವ ಆಸ್ಪತ್ರೆಯವನೊಬ್ಬನಿದ್ದ, ಎಲ್ಲರಿಗೂ ಪ್ಲಾಸ್ಟರಣ್ಣ. ಅವನು ಮುಕ್ಕಾಲಿ ಹೊತ್ತು ತಂದ. ಅತ್ತಿಗೆ ಅಭ್ಯಾಸಕ್ಕೆಂದು ಮುಚ್ಚಳ ತೊಡಿಸಿ ಸೂರ್ಯನ ಒಂದಷ್ಟು ಪಟ ತೆಗೆದರು.

ಅಣ್ಣ ಅವನ್ನು ನೋಡಿ ಹುಬ್ಬೇರಿಸಿದ. "ಇದೇನೇ, ಸೂರ್ಯನಿಗೂ ಚಳಿಜ್ವರನಾ?"

ಪಟದಲ್ಲಿ ಸೂರ್ಯನ ಅಂಚು ಎರಡೆರಡಾಗಿತ್ತು. ಕಾರಣ ತಿಳಿಯಲು ಅತ್ತಿಗೆ ಮತ್ತೆ ಮೇಲೆ ಹೋಗಿ ನನ್ನನ್ನು ಹಲಗೆಯ ಆ ತುದಿಯಿಂದ ಈ ತುದಿಗೆ ನಡೆಸಿದರು. ಒಂದು ಹೆಜ್ಜೆ ಇಟ್ಟರೆ ಸಾಕು, ಹಲಗೆ ಮಿಡಿಯುತ್ತಿತ್ತು. ಹಲಗೆ ಮಿಡಿದರೆ ಮುಕ್ಕಾಲಿ, ಮುಕ್ಕಾಲಿ ಮಿಡಿದರೆ ಸೂರ್ಯ.

"ಹಾಗಾದ್ರೆ ಅವತ್ತು ಯಾರನ್ನೂ ಮೇಲೆ ಬಿಡಬೇಡ" ಎಂದ ಅಣ್ಣ.

"ಅದು ಹೇಗಾಗತ್ತೆ? ನರ್ಸ್‌ಗಳು ಬರ್ತೀವಿ ಅಂದಿದಾರೆ. ಓಡಾಡೋ ಪೇಶೆಂಟ್‌ಗಳು ಬರ್ತಾರೆ. ಎದುರು ಅಂಗಡಿಯೋರೂ ಕೇಳಿದಾರೆ. ಕಾಣೋದು ಅದೊಂದೇ ಜಾಗದಿಂದ."

"ಅವರೆಲ್ಲ ಬಂದ್ರೆ ಪಟ ಹೋಯ್ತು ಅಂತಾನೇ ಲೆಕ್ಕ."

"ರೀ, ನೀವೇ ಕನ್ನಡಕ ಹಂಚಿದ್ರಿ. ಈಗ ನೋಡಬೇಡಿ ಅನ್ನೋದಾ? ಸೂರ್ಯ ನಿಮ್ಮೊಬ್ಬರಿಗೇನು ಬರೆದುಕೊಟ್ಟಿದಾನಾ?"

ಅಣ್ಣನಿಗೆ ಅದು ಸರಿ ಎನಿಸಿತ್ತು, ಅದೇ ಅವನ ಸಂಕಟ. ಅತ್ತಿಗೆಗೂ ದಾರಿ ಕಂಡಿರಲಿಲ್ಲ. "ನೋಡೋಣ" ಎಂದು ಎದ್ದರು. ಬೇರೆಯವರು ದೇವರು ದೊಡ್ಡವನು ಎನ್ನುವ ಕಡೆಯಲ್ಲೆಲ್ಲ ಅತ್ತಿಗೆ 'ನೋಡೋಣ' ಎನ್ನುವವರು.

ಗ್ರಹಣದ ಹಿಂದಿನ ದಿನವಿಡೀ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಜನ. ಮುರಿದವರಲ್ಲ, ಹಳೆಯ ಎಕ್ಸ್‌ರೇ ಹಾಳೆ ಕೇಳಲು ಬಂದವರು. ಅದರಲ್ಲಿ ಸೂರ್ಯನನ್ನು ನೋಡಬಹುದಂತೆ ಎಂದು ಯಾರೋ ಹಬ್ಬಿಸಿದ್ದರು.

"ನಂದೇ ಎದೆ ಎಕ್ಸ್‌ರೇ ಇದೆ ತಾಯಿ, ಅದನ್ನಾದ್ರೂ ಕೊಡಿ" ಎಂದ ಒಬ್ಬ ಮುದುಕ.

"ನಿಮ್ಮ ಪಕ್ಕೆಲುಬಿನ ಸಂದಿಯಿಂದ ಬಿಸಿಲು ಬಂದು ಕಣ್ಣು ಹೋಗತ್ತೆ ತಾತ. ಇಗೋ, ನಮ್ಮೋರು ಮಾಡಿದ ಕನ್ನಡಕ, ಇದನ್ನ ತಗೊಂಡು ಹೋಗಿ." ಬಂದ ಪ್ರತಿಯೊಬ್ಬರಿಗೂ ಬೇಸರವಿಲ್ಲದೆ ಅದನ್ನೇ ಹೇಳಿದರು. ಸಂಜೆಯ ಹೊತ್ತಿಗೆ ಅವರ ದನಿ ಬಿದ್ದುಹೋಗಿತ್ತು.

ಗ್ರಹಣದ ದಿನ ಬೆಳಿಗ್ಗೆ ನಾನು ದೇವರನ್ನು ಕೇಳಿಕೊಂಡದ್ದು ಒಂದೇ. ಮೋಡ ಬೇಡಪ್ಪ. ಉಳಿದದ್ದನ್ನು ಅತ್ತಿಗೆ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ನನಗಿತ್ತು.

ಮೋಡ ಬರಲಿಲ್ಲ. ಮಧ್ಯಾಹ್ನ ಕಳೆಯುತ್ತಿದ್ದಂತೆ ತಾರಸಿ ತುಂಬಿತು. ನರ್ಸ್‌ಗಳು, ಅಡುಗೆಯವರು, ಸಲೈನಿನ ಕಂಬವನ್ನು ತಳ್ಳಿಕೊಂಡೇ ಬಂದ ರೋಗಿ, ಕೊರಳಿಗೆ ಕೈ ಕಟ್ಟಿಕೊಂಡವರು, ಎದುರು ಸಾಲಿನ ಅಂಗಡಿಯವರು. ಕನ್ನಡಕ ಹಾಕಿಕೊಂಡು ಎಲ್ಲರೂ ಒಂದೇ ಕಡೆಗೆ ಕತ್ತೆತ್ತಿದಾಗ ಎಲ್ಲರೂ ಒಂದೇ ಬಳಗದವರಂತೆ ಕಂಡರು. ಅತ್ತಿಗೆ ಬಿಳಿ ಕೋಟಿನಲ್ಲೇ ಬಂದು ಕ್ಯಾಮೆರಾವನ್ನು ಸೂರ್ಯನಿಗೆ ನೆಟ್ಟು, ವೈರಿನ ಗುಂಡಿ ಕೈಗೆ ತೆಗೆದುಕೊಂಡರು. ಮುಚ್ಚಳ ತೆಗೆದು ಹಾಕುವ ಕೆಲಸ ನನ್ನದು.

ಮೊದಲು ಸೂರ್ಯನ ಅಂಚನ್ನು ಯಾರೋ ಕಚ್ಚಿದಂತಾಯಿತು. ಆಮೇಲೆ ಬಹಳ ಹೊತ್ತು ಏನೂ ಆಗದಂತೆಯೇ ಇತ್ತು. ಆದರೆ ಬಿಸಿಲು ತನ್ನ ಹಳದಿಯನ್ನು ಕಳೆದುಕೊಳ್ಳುತ್ತಿತ್ತು. ನೆರಳುಗಳು ಚಾಕುವಿನಿಂದ ಕೊರೆದಷ್ಟು ಚೂಪಾದವು. ಕಬ್ಬಿಣದ ಹಲಗೆಯ ತೂತುಗಳಿಂದ ಕೆಳಗಿನ ನೆಲಕ್ಕೆ ಬೀಳುವ ಬೆಳಕಿನ ಚುಕ್ಕೆಗಳೆಲ್ಲ ಒಂದೊಂದು ಬಾಲಚಂದ್ರನಾಗಿದ್ದವು. ನೂರಾರು ಬಾಲಚಂದ್ರರು ಗುಡಿಸದೆ ಬಿಟ್ಟ ನೆಲದಲ್ಲಿ ಚೆಲ್ಲಿಕೊಂಡಿದ್ದರು. ಅಡುಗೆಯ ಹೆಂಗಸೊಬ್ಬಳು ಅವನ್ನು ತುಳಿಯಬಾರದೆಂದು ಸುತ್ತಿಬಳಸಿ ನಡೆದಳು.

ಗಾಳಿ ತಣ್ಣಗಾಯಿತು. ಟ್ಯಾಂಕಿನ ಮೇಲಿನ ಕಾಗೆಗಳು ಗೂಡಿನ ದಿಕ್ಕಿಗೆ ಎದ್ದು ಹೋದವು. ಸೂರ್ಯ ಉಗುರಿನ ಗೆರೆಯಷ್ಟಾದ. ಜನರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಿಂದಿದ್ದವರು ಮುಂದೆ ಬಂದರು, ಹಲಗೆಯ ಮೇಲೆ ಹತ್ತಿದರು, ಒಬ್ಬರನ್ನೊಬ್ಬರು ಎಳೆದರು, ತೋರಿಸಿದರು. ಕಬ್ಬಿಣ ಗಡಗಡ ಎನ್ನುತ್ತಿತ್ತು. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಆ ಬೆಳಕಿನ ಎಳೆ ಗಾಳಿಗೆ ಸಿಕ್ಕ ದಾರದಂತೆ ಕುಣಿಯುತ್ತಿತ್ತು.

"ಸ್ವಲ್ಪ ಸುಮ್ನಿರ್ರಪ್ಪಾ" ಎಂದ ಪ್ಲಾಸ್ಟರಣ್ಣ. ಯಾರ ಕಿವಿಗೂ ಬೀಳಲಿಲ್ಲ.

ಎಳೆ ತುಂಡಾಯಿತು. ಮಣಿ ಮಣಿಯಾಯಿತು. ಕೊನೆಯ ಮಣಿ ಆರಿತು.

"ತೆಗಿ" ಎಂದರು ಅತ್ತಿಗೆ ನನಗೆ. ನಾನು ಮುಚ್ಚಳ ತೆಗೆದೆ. ಅದೇ ಗಳಿಗೆಯಲ್ಲಿ, ಹಿಂದಿನ ದಿನ ಬಿದ್ದುಹೋಗಿದ್ದ ದನಿ ಎಲ್ಲಿಂದ ಬಂತೋ, ಅವರು ಹೇಳಿದರು:

"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ."

ಕೂಗಿ ಹೇಳಲಿಲ್ಲ. ಕೋಣೆಯಲ್ಲಿ ಮೇಜಿನ ಮೇಲೆ ಮಲಗಿದವರಿಗೆ ಹೇಳುವಷ್ಟೇ ದನಿ. ಆದರೆ ಆ ತಾರಸಿಯಲ್ಲಿ ಆ ದನಿಯ ಮುಂದೆ ಒಮ್ಮೆಯಾದರೂ ಮಲಗದವರು ಯಾರಿದ್ದರು? ಯಾರದೋ ಪಕ್ಕೆಲುಬು, ಯಾರದೋ ಮೊಣಕೈ, ಯಾರದೋ ಮಗುವಿನ ಎದೆ. ಎಲ್ಲರ ಮೈಗೂ ಆ ಮಾತು ಮೊದಲೇ ಗೊತ್ತಿತ್ತು. ಎತ್ತಿದ ಕೈ ಎತ್ತಿದಲ್ಲೇ, ಮುಂದಿಟ್ಟ ಕಾಲು ಇಟ್ಟಲ್ಲೇ ನಿಂತವು. ಕಬ್ಬಿಣ ನಿಂತಿತು. ಒಂದು ಊರು ಅಷ್ಟು ಸುಮ್ಮನಿದ್ದುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಆ ಮೌನದಲ್ಲಿ ತಲೆಯೆತ್ತಿದೆ. ಸೂರ್ಯನಿದ್ದ ಕಡೆ ಕಪ್ಪು ಬಿಂಬ. ಅದರ ಸುತ್ತ ಯಾರೂ ಹಚ್ಚದ, ಯಾವುದನ್ನೂ ಸುಡದ ಬೆಳಕು. ಸುತ್ತಲಿನ ದಿಗಂತವೆಲ್ಲ ಸಂಜೆ. ಪಕ್ಕದಲ್ಲೊಂದು ಚುಕ್ಕಿ, ಹಗಲಲ್ಲಿ ಸಿಕ್ಕಿಬಿದ್ದ ಕಳ್ಳನಂತೆ. ನನ್ನ ಕೈಗಳು ತಾವೇ ಕೂಡಿಕೊಂಡವು. ಮುಗಿಯಲು ಹೊಸ ದೇವರಾರೂ ಅಲ್ಲ, ದಿನವೂ ಮುಗಿಯುವವನೇ. ಅವನು ಇಷ್ಟು ದೊಡ್ಡವನೆಂದು ತಿಳಿದಿರಲಿಲ್ಲ, ಅಷ್ಟೇ.

ಕ್ಯಾಮೆರಾ ಕ್ಲಿಕ್, ಕ್ಲಿಕ್ ಎನ್ನತೊಡಗಿತ್ತು. ಅತ್ತಿಗೆಯ ಮುಖ ನೋಡಬೇಕೆಂದು ಪಕ್ಕಕ್ಕೆ ಕಣ್ಣು ಹೊರಳಿಸಿದೆ. ಅತ್ತಿಗೆ ಅಲ್ಲಿರಲಿಲ್ಲ.

ವೈರು ಮಾತ್ರ ಕ್ಯಾಮೆರಾದಿಂದ ಇಳಿದು ಲಿಫ್ಟಿನ ಕೋಣೆಯ ಮೂಲೆಯನ್ನು ಸುತ್ತಿ ಹೋಗಿತ್ತು. ಮೂಲೆಯಲ್ಲಿ ಬಿಳಿ ಕೋಟಿನ ಅಂಚು ಕಂಡಿತು. ಅವರು ಗೋಡೆಯ ಹಿಂದೆ ನಿಂತಿದ್ದರು.

ಅಲ್ಲಾಡಿದರೆ ಪಟ ಕೆಡುತ್ತದೆ. ತುಟಿಯಷ್ಟನ್ನೇ ಆಡಿಸಿ, "ಅತ್ತಿಗೆ, ಈಚೆ ಬನ್ನಿ" ಎಂದೆ.

"ಶ್. ಮಾತಾಡಬೇಡ" ಎಂದಿತು ಗೋಡೆಯ ಹಿಂದಿನ ದನಿ. ಕ್ಲಿಕ್ ಸಾಲು ಮುಗಿಯಿತು. ಮತ್ತೆ ಗುಂಡಿ ಒತ್ತಿದರು. ಮತ್ತೆ ಶುರುವಾಯಿತು. ಅವರು ಕಿವಿಯಿಂದಲೇ ಕೆಲಸ ಮಾಡುತ್ತಿದ್ದರು: ಬೇಗದ್ದು, ನಿಧಾನದ್ದು, ಇನ್ನೂ ನಿಧಾನದ್ದು. ಒಂದು ಸಾಲೂ ತಪ್ಪಲಿಲ್ಲ.

ಕಪ್ಪು ಬಿಂಬದ ಅಂಚಿನಲ್ಲಿ ವಜ್ರದಂಥದ್ದೊಂದು ಹೊಳೆಯಿತು. ನಾನು ಮುಚ್ಚಳ ಹಾಕಿದೆ. ಬೆಳಕು ಹಿಂದಿರುಗಿತು. ಆದರೂ ಯಾರೂ ಕದಲಲಿಲ್ಲ. ಪ್ಲಾಸ್ಟರಣ್ಣನ ಮುಖ ಕೆಂಪೇರಿತ್ತು. ನಡುವೆ ಯಾವಾಗಲೋ ಕದ್ದು ಉಸಿರಾಡಿದ್ದನೇನೋ, ಈಗ ಮತ್ತೆ ಬಿಗಿಹಿಡಿದಿದ್ದ. ಅತ್ತಿಗೆ ಗೋಡೆಯ ಹಿಂದಿನಿಂದ ಗುಂಡಿ ಹಿಡಿದೇ ಹೊರಬಂದರು.

"ಬಿಡಿ" ಎಂದರು. "ಮುಂದಿನವರು ಬನ್ನಿ."

ತಾರಸಿ ಒಮ್ಮೆಗೇ ಉಸಿರು ಬಿಟ್ಟು ನಕ್ಕಿತು.

"ಮುಂದಿನವ್ರನ್ನ ಎಲ್ಲಿಂದ ತರೋಣ ಅಮ್ಮಾ? ಆಕಾಶದಲ್ಲಿ ಇರೋದು ಒಬ್ಬನೇ" ಎಂದ ಪ್ಲಾಸ್ಟರಣ್ಣ. ಅತ್ತಿಗೆಯೂ ನಕ್ಕರು. ಕ್ಯಾಮೆರಾದ ಪರದೆಯಲ್ಲಿ ಪಟಗಳನ್ನು ಒಂದೊಂದಾಗಿ ನೋಡಲು ಬಗ್ಗಿದವರು, ಏನನ್ನೋ ನೆನೆದು, ನೋಡದೆಯೇ ಪರದೆ ಆರಿಸಿದರು. "ಮೊದಲು ಅವರು ನೋಡ್ಲಿ" ಎಂದರು.

"ಅದಿರಲಿ. ನಿಮಗೆ ಹೇಗೆ ಕಾಣಿಸ್ತು?" ಎಂದು ಪ್ಲಾಸ್ಟರಣ್ಣ ಕೇಳಿದ. ಅವನ ಕಣ್ಣು ಒದ್ದೆಯಾಗಿತ್ತು. "ನಾನಂತೂ ಸತ್ತರೂ ಮರೆಯಲ್ಲ."

ಅತ್ತಿಗೆ ಬಾಯಿ ತೆರೆದರು. ಕೈಯಲ್ಲಿದ್ದ ಗುಂಡಿಯನ್ನು ನೋಡಿದರು. ಗುಂಡಿಯಿಂದ ವೈರು ಹಿಡಿದು ಮೂಲೆಯವರೆಗೆ ಅವರ ಕಣ್ಣು ಹೋಯಿತು, ಅಲ್ಲೇ ನಿಂತಿತು.

"ನನಗೆ ಗೋಡೆ ಕಾಣಿಸ್ತು" ಎಂದರು.

ವಾರ್ಡಿಗೆ ಬಂದಾಗ ಅಣ್ಣ ಕತ್ತು ನಿಲುಕುವಷ್ಟು ಬಾಗಿಲ ಕಡೆಗೆ ಚಾಚಿ ಕಾದಿದ್ದ. ಕ್ಯಾಮೆರಾ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

"ಇಲ್ಲಿ ಕೇಳು. ಮೇಲೆ ಗಡಗಡ ಅಂತಿತ್ತು. ಕತ್ತಲಾಯ್ತು. ಆ ಪಾರಿವಾಳ ಕುತ್ತಿಗೆ ಒಳಗೆ ಎಳ್ಕೊಂಡು ಮಲಗ್ತು. ನಾನು, ಹೋಯ್ತು, ಪಟ ಹೋಯ್ತು ಅಂದ್ಕೊಂಡೆ. ಅಷ್ಟರಲ್ಲಿ ಒಂದೇ ಸಲಕ್ಕೆ ಮೇಲಿನ ಸದ್ದೆಲ್ಲ ನಿಂತುಹೋಯ್ತು. ಆಗ ಗೊತ್ತಾಯ್ತು, ಇದು ನೀನೇ ಅಂತ."

"ನಿಮ್ಮ ಯಜಮಾನ್ರು ನಮಗೂ 'ಹಿಡ್ಕೊಳ್ರೋ' ಅಂದ್ರು" ಎಂದ ಡ್ರೈವರ್. "ವಾರ್ಡಲ್ಲಿ ಒಬ್ಬನೂ ಕೆಮ್ಮಲಿಲ್ಲ ಅಮ್ಮಾ. ದಮ್ಮಿನ ತಾತನೂ ಕೆಮ್ಮಲಿಲ್ಲ."

"ಪಟ ಆಮೇಲೆ" ಎಂದ ಅಣ್ಣ. "ಮೊದಲು ನೀನು ಹೇಳು. ಹೇಗಿತ್ತು?"

ಅತ್ತಿಗೆ ಸ್ಟೂಲಿನ ಮೇಲೆ ಕೂತರು. "ನಾನು ನೋಡಲಿಲ್ಲ ರೀ."

"ಅಂದ್ರೆ?"

"ಹಿಡ್ಕೊಳ್ಳಿ ಅಂದೆ. ಕಾಲು ತಾನೇ ಗೋಡೆ ಹಿಂದೆ ಹೋಯ್ತು. ನಿಂತ್ಕೊಂಡು ಒತ್ತಿದೆ. ಮುಗಿದ ಮೇಲೆ ಈಚೆ ಬಂದೆ. ಇಷ್ಟು ವರ್ಷ ಹಾಗೇ ತಾನೇ ಮಾಡಿರೋದು."

ಅಣ್ಣನ ಮುಖ ಕಪ್ಪಾಯಿತು. ಅವನು ಅತ್ತಿಗೆಯ ಮೇಲೆ ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನನ್ನ ಕಾಲು ಕಟ್ಟಿಹಾಕಿದಾರೆ. ನಿನ್ನನ್ನ ಯಾರು ಕಟ್ಟಿಹಾಕಿದ್ರು? ಪಟ ಬರದೇ ಹೋಗಿದ್ರೂ ನಡೀತಿತ್ತು. ನೀನು ನೋಡಿ ಬಂದು ಹೇಳಿದ್ರೆ ನನಗೆ ಸಾಕಿತ್ತು."

ವಾರ್ಡಿನವರು ತಮ್ಮ ತಮ್ಮ ಹೊದಿಕೆಗಳನ್ನು ನೋಡಿಕೊಂಡರು. ಕ್ಯಾಮೆರಾ ಇಬ್ಬರ ನಡುವೆ ಹಾಸಿಗೆಯ ಮೇಲಿತ್ತು.

"ನೀನಾದ್ರೂ ನೋಡಿದ್ಯಾ?" ಎಂದು ಅಣ್ಣ ನನ್ನ ಕಡೆ ತಿರುಗಿದ.

"ನೋಡಿದೆ."

"ಹೇಳು ಮತ್ತೆ."

ನಾನು ಹೇಳಲು ಹೊರಟೆ. ಕಂಡದ್ದೆಲ್ಲ ಕಣ್ಣಿನಲ್ಲೇ ಇತ್ತು, ನಾಲಗೆಗೆ ಇಳಿಯಲಿಲ್ಲ. "ತುಂಬಾ ಚೆನ್ನಾಗಿತ್ತು" ಎಂದೆ.

"ಮೈಸೂರು ಸೀರೆ ನೋಡಿ ಬಂದೋರ ಹಾಗೆ ಹೇಳ್ತಾಳೆ" ಎಂದು ಅಣ್ಣ ಹಣೆ ಹಿಡಿದುಕೊಂಡ.

ಆಗ ಅತ್ತಿಗೆ ಕ್ಯಾಮೆರಾ ಎತ್ತಿ ಅವನ ಎದೆಯ ಮೇಲೆ ಇಟ್ಟರು. ಪರದೆ ಅವನ ಕಡೆಗಿತ್ತು, ತಮಗೆ ಕಾಣುವಂತಿರಲಿಲ್ಲ. "ನೀವು ನೋಡಿ. ನೋಡಿ ನನಗೆ ಹೇಳಿ. ನಾನು ಕೇಳ್ತೀನಿ" ಎಂದು ಕಣ್ಣು ಮುಚ್ಚಿಕೊಂಡರು. ದಿನವಿಡೀ ನಿಂತಿದ್ದ ಕಾಲುಗಳನ್ನು ಚಾಚಿ, ಗೋಡೆಗೆ ಒರಗಿದರು.

ಅಣ್ಣ ಪರದೆ ಬೆಳಗಿಸಿದ. ಬಹಳ ಹೊತ್ತು ಅವನ ಮುಖದ ಮೇಲೆ ಆ ಬೆಳಕಷ್ಟೇ ಇತ್ತು. ಸಿಟ್ಟು ಯಾವಾಗ ಇಳಿಯಿತೆಂದು ಅವನಿಗೂ ತಿಳಿದಿರಲಿಕ್ಕಿಲ್ಲ.

"ಅಂಚು ಒಂದೇ ಇದೆ ಕಣೇ" ಎಂದ ಮೆಲ್ಲಗೆ. "ಕೂದಲೆಳೆಯಷ್ಟೂ ಅಲ್ಲಾಡಿಲ್ಲ."

"ಹ್ಞೂಂ."

"ಮಧ್ಯದಲ್ಲಿ ಕಪ್ಪು. ಗೋಡೆಗೆ ಬಳಿದ ಕಪ್ಪಲ್ಲ, ಬಾವಿಗೆ ಬಗ್ಗಿ ನೋಡ್ದಾಗ ಇರತ್ತಲ್ಲ, ಆಳದ ಕಪ್ಪು. ಅದರ ಅಂಚಿಗೆ ಅಲ್ಲೊಂದು ಇಲ್ಲೊಂದು ಕೆಂಪು. ಬೆರಳಿಗೆ ಸೂಜಿ ಚುಚ್ಚಿದ್ರೆ ಬರತ್ತಲ್ಲ, ಅಷ್ಟೇ. ಆದ್ರೆ ಆ ಒಂದೊಂದು ಹನೀಲೂ ನಮ್ಮ ಭೂಮಿ ಮುಳುಗಿಹೋಗತ್ತೆ."

"ಹ್ಞೂಂ."

"ಅದರಾಚೆ ಬೆಳಕು. ಬೆಳ್ಳಗೆ, ಎಳೆ ಎಳೆಯಾಗಿ, ಎಲ್ಲಾ ದಿಕ್ಕಿಗೂ ಎದ್ದಿದೆ. ಬಾಚದೇ ಇರೋ ಕೂದಲ ಹಾಗೆ."

"ಯಾರ ಕೂದಲು?"

"ನಿಂದೇ. ಬೆಳಿಗ್ಗೆ ಎದ್ದಾಗ ಇರತ್ತಲ್ಲ."

ಅತ್ತಿಗೆ ಕಣ್ಣು ತೆರೆಯದೆ ನಕ್ಕರು. ಡ್ರೈವರ್ ಮೊಣಕೈ ಊರಿ ಎದ್ದು ಕಿವಿ ಈ ಕಡೆ ಕೊಟ್ಟಿದ್ದ. ಊಟದ ತಟ್ಟೆ ಹಂಚಲು ಬಂದವಳು ಬಾಗಿಲಲ್ಲೇ ಗಾಡಿ ನಿಲ್ಲಿಸಿದ್ದಳು. ಸೂರ್ಯನನ್ನು ಕಾಣದ ಅಣ್ಣ, ಸೂರ್ಯನಿಗೆ ಬೆನ್ನು ಮಾಡಿ ನಿಂತಿದ್ದ ಅತ್ತಿಗೆಗೆ, ಸೂರ್ಯನನ್ನು ಹೇಳುತ್ತಿದ್ದ. ಬರಿಗಣ್ಣಿನಲ್ಲಿ ಕಂಡು ಬಂದಿದ್ದ ನಾನು ಕೈಕಟ್ಟಿ ಕೂತು, ಈಗಷ್ಟೇ ಕಾಣುತ್ತಿರುವವಳಂತೆ ಕೇಳುತ್ತಿದ್ದೆ.

"ಒಂದು ಎಳೆ ಮಾತ್ರ ತುಂಬಾ ದೂರ ಹೋಗಿದೆ" ಎಂದ ಅಣ್ಣ. "ಎಲ್ಲಿ ಮುಗಿಯತ್ತೆ ಅಂತ ಕಾಣ್ತಿಲ್ಲ. ಮುಂದಿನದ್ರಲ್ಲಿ, ಆ ನಿಧಾನದ್ರಲ್ಲಿ, ಇನ್ನೂ ಹೋಗಿರತ್ತೆ."

"ಮತ್ತೆ?" ಎಂದರು ಅತ್ತಿಗೆ.

ಅಣ್ಣ ಮುಂದಿನ ಪಟಕ್ಕೆ ಹೋದ.